ಇಸ್ತ್ರಿ ಹಾಕಿದ ಇಂಗ್ಲಿಷು

ಒಂಟಿಕೊಪ್ಪಲಿನ ನಮ್ಮ ಮನೆಯ ಜಗಲಿಯಲ್ಲಿ ಗೋಡೆಗೆ ಒರಗಿಸಿಟ್ಟ ಒಂದು ಕಪ್ಪು ಹಲಗೆ ಇದೆ. ನೀವು ಯಾವತ್ತಾದರೂ ಬಂದರೆ, ಕಾಫಿ ಬರುವ ತನಕ ಕೂರಬೇಕಾದದ್ದು ಅದರ ಎದುರಿಗೇ. ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿದರೆ 'ಚಿಲ್', 'ನೋ ವರೀಸ್', 'ಆಲ್ ಗುಡ್' ಎಂಬ ಮಾತುಗಳು ಮಸುಕು ಮಸುಕಾಗಿ ಕಾಣುತ್ತವೆ. ಒಣ ಬಟ್ಟೆಯಲ್ಲಿ ಒರೆಸಿ ನೋಡಿದ್ದೇನೆ, ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದ್ದೇನೆ, ಹೋಗಿಲ್ಲ. ಹಳೆಯ ಹಲಗೆ, ಸೀಮೆಸುಣ್ಣವನ್ನು ಕುಡಿದುಬಿಟ್ಟಿದೆ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನು ಅದನ್ನು ಗಟ್ಟಿಯಾಗಿ ಓದಿ, ನನ್ನ ನರೆತ ತಲೆಯನ್ನು ನೋಡಿ, "ಇರ್ಲಿ ಬುಡಿ ಸಾರ್, ವಯಸ್ಸಾದ್ಮೇಲೆ ಏನಾದ್ರೂ ಟೈಮ್‌ಪಾಸ್ ಬೇಕಲ್ವಾ" ಎಂದು ಸಮಾಧಾನ ಹೇಳಿ ಹೋದ. ನಾನು ಏನೂ ಕೇಳಿರಲಿಲ್ಲ.

ಇದನ್ನು ಬರೆದವನು ನಾನೇ. ಊರಿನ ಅರ್ಧ ಜನಕ್ಕೆ ಇಂಗ್ಲಿಷ್ ಕಲಿಸಿ ನಿವೃತ್ತನಾದ ಕಾಲೇಜು ಮೇಷ್ಟ್ರು. ಅರ್ಧ ಜನ ಎಂದದ್ದು ಸ್ವಲ್ಪ ಹೆಚ್ಚಾಯಿತು. ಅರ್ಧ ಜನಕ್ಕೆ ಹಾಜರಿ ಕೂಗಿದವನು ಎಂದಿಟ್ಟುಕೊಳ್ಳಿ.

ನನ್ನ ಇಂಗ್ಲಿಷಿನ ಬಗ್ಗೆ ಮೊದಲು ಹೇಳಿಬಿಡಬೇಕು. ನಮ್ಮದು ಮೂಲತಃ ಆರಂಬದ, ಅಂದರೆ ಬೇಸಾಯದ ಮನೆತನ. ಇಂಗ್ಲಿಷು ನಮ್ಮ ವಂಶಕ್ಕೆ ಬಂದದ್ದೇ ನನ್ನ ಕಾಲಕ್ಕೆ. ಹೊಸ ಬಿಳಿ ಪಂಚೆ ಉಟ್ಟವನು ಎಲ್ಲಿ ಕೂರಬೇಕಾದರೂ ಮೊದಲು ಜಾಗ ಒರೆಸಿ ನೋಡುತ್ತಾನಲ್ಲ, ಹಾಗೆ ನಾನು ಇಂಗ್ಲಿಷನ್ನು ಕಾಪಾಡಿಕೊಂಡು ಬಂದೆ. ಆಡುಮಾತಿನ ಅಗ್ಗದ ಪದ ಒಂದೂ ತಗಲದ ಹಾಗೆ, ವಾಕ್ಯಕ್ಕೆ ತಲೆ, ಹೊಟ್ಟೆ, ಬಾಲ ಎಲ್ಲ ಇರುವ ಹಾಗೆ ಮಾತಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಒಮ್ಮೆ ಹೊಟ್ಟೆ ಹಿಡಿದುಕೊಂಡು ಎದ್ದು, ಹೊರಗೆ ಹೋಗಲೇ ಎಂದು ಅರೆಬರೆ ಇಂಗ್ಲಿಷಿನಲ್ಲಿ ಕೇಳಿದ. ಅದನ್ನು ಕೇಳಬೇಕಾದ ಸಭ್ಯ ರೀತಿ ಯಾವುದೆಂದು ನಾನು ಹಲಗೆಯ ಮೇಲೆ ಬರೆದು ವಿವರಿಸತೊಡಗಿದೆ. ವಿವರಣೆ ಮುಗಿಸಿ ತಿರುಗಿ ನೋಡಿದರೆ ಹುಡುಗ ಕಿಟಕಿಯಿಂದ ಹಾರಿಯಾಗಿತ್ತು. "ನಿಮ್ಮ ಇಂಗ್ಲಿಷ್‌ಗೆ ಇಸ್ತ್ರಿ ಜಾಸ್ತಿಯಾಗ್ಬುಟ್ಟಿದೆ ಕಣ್ರೀ, ಮಡಿಚೋಕೇ ಆಗಲ್ಲ" ಎಂದು ನನ್ನ ಹೆಂಡತಿ ಸರೋಜ ಹೇಳುವುದುಂಟು.

ನಮ್ಮಪ್ಪನಿಗೆ ಈ ತೊಂದರೆ ಇರಲಿಲ್ಲ. ಊರಿಂದ ಬಂದು ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಮಾರುತ್ತಿದ್ದ ಅವನು ದಿನವಿಡೀ ಇಂಗ್ಲಿಷನ್ನೇ ಮಾತಾಡುತ್ತಿದ್ದ, ಅದು ಇಂಗ್ಲಿಷೆಂದು ಅವನಿಗೆ ಗೊತ್ತಿರಲಿಲ್ಲ ಅಷ್ಟೆ. ಎಲೆ 'ಎ-ಒನ್', ಮಾತು 'ಫಸ್ಟ್‌ಕ್ಲಾಸ್', ಎದುರಂಗಡಿಯವನು 'ಬೋಗಸ್', ಗಿರಾಕಿ ಎದ್ದು ಹೊರಟರೆ 'ಲಾಸ್ಟ್ ರೇಟ್'. ಹೈಸ್ಕೂಲಿನ ಮೆಟ್ಟಿಲು ಹತ್ತಿದ ಹೊಸತರಲ್ಲಿ ನಾನು ಒಂದು ಸಂಜೆ, ಅಪ್ಪನ ಪಕ್ಕ ಎಲೆಗೆ ನೀರು ಚಿಮುಕಿಸುತ್ತಾ ಕೂತಿದ್ದವನು, ಇವೆಲ್ಲ ಇಂಗ್ಲಿಷ್ ಪದಗಳು ಕಣಪ್ಪ ಎಂದು ಹೇಳಿದೆ. ಅವನು ನಂಬಲಿಲ್ಲ.

"ಎ-ಒನ್ ಅನ್ನೋದು ಇಂಗ್ಲಿಷಾ? ನಮ್ಮಪ್ಪನೂ ಅಂಗೇ ಅಂತಿದ್ದ ಕಣ್ಲಾ. ನಮ್ಮಪ್ಪಂಗೆ ಇಂಗ್ಲಿಷ್ ಬತ್ತಿತ್ತಾ?"

ಈ ತರ್ಕಕ್ಕೆ ಉತ್ತರ ಹುಡುಕಲೆಂದೇ ನಾನು ಎಂ.ಎ. ಮಾಡಿದೆ ಎಂದರೆ ತಪ್ಪಾಗಲಾರದು. ಉತ್ತರ ಇನ್ನೂ ಸಿಕ್ಕಿಲ್ಲ.

ಇರಲಿ, ನಾನು ಹೇಳಹೊರಟದ್ದು ರೂಪಾಳ ಕಥೆ. ಚಾಮುಂಡಿ ಬೆಟ್ಟದ ಆಚೆಯ ಹಳ್ಳಿಯ ಹುಡುಗಿ. ಅಪ್ಪನಿಗೆ ಗೂಡ್ಸ್ ಆಟೋ, ಅಮ್ಮ ಮನೆಯಲ್ಲೇ ಹಸು ಕಟ್ಟಿದ್ದಾಳೆ. ಡಿಗ್ರಿ ಮುಗಿಸಿ, ನಾನು ನಿವೃತ್ತಿಯ ಬೇಸರಕ್ಕೆ ಜಗಲಿಯಲ್ಲಿ ನಡೆಸುತ್ತಿದ್ದ ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರಿದಳು. ಉಳಿದವರೆಲ್ಲ ಒಬ್ಬೊಬ್ಬರಾಗಿ ಜಾರಿಕೊಂಡ ಮೇಲೂ ಅವಳು ಬಿಡಲಿಲ್ಲ. ನಾನು ಕಲಿಸಿದ್ದನ್ನು ಕಲಿಸಿದ ಹಾಗೇ ಕಲಿತಳು. ಅನಾಹುತ ಆದದ್ದೇ ಅಲ್ಲಿ.

ಹಳೆಯ ಬಂಗಲೆಯೊಂದನ್ನು ಹೋಟೆಲು ಮಾಡಿದ್ದ ಕಡೆ ಅವಳಿಗೆ ಕೌಂಟರಿನಲ್ಲಿ ಕೆಲಸ ಸಿಕ್ಕಿತು, ಸದ್ಯಕ್ಕೆ ಕಾಯಂ ಅಲ್ಲ, ಪ್ರೊಬೇಷನ್ ಮೇಲೆ. ಯೋಗ ಕಲಿಯಲು ಮೈಸೂರಿಗೆ ಬರುವ ವಿದೇಶದವರೇ ಅಲ್ಲಿ ಹೆಚ್ಚು. ನಾವು ಮೈಸೂರುಪಾಕ್ ಹಂಚಿ ಸಂಭ್ರಮಿಸಿದ್ದೆವು. ಆದರೆ ಸ್ವಲ್ಪ ದಿನದಲ್ಲೇ ಒಂದು ಸಂಜೆ ಅವಳು ಹೋಟೆಲಿನ ಕರೀ ಕೋಟಿನಲ್ಲೇ ಬಂದು ಜಗಲಿಯ ಮೇಲೆ ಕೂತುಬಿಟ್ಟಳು.

"ಏನಾಯ್ತಮ್ಮ?" ಅಂದೆ.

"ಮ್ಯಾನೇಜರ್ ಬೈದ್ರು ಸಾರ್. ಗೆಸ್ಟ್‌ಗಳು ನನ್ನ ಕಂಡ್ರೆ ಹೆದರ್ಕೊತಾರಂತೆ. 'ಕೋರ್ಟ್ ಆರ್ಡರ್ ಓದ್ದಂಗೆ ಮಾತಾಡ್ತೀಯ, ಫ್ರೆಂಡ್ಲಿಯಾಗಿ ಮಾತಾಡೋದು ಕಲಿ, ಇಲ್ಲಾಂದ್ರೆ ತಿಂಗಳ ಕೊನೇಲಿ ಒಳಗಡೆ ಬೆಡ್‌ಶೀಟ್ ಮಡಿಚೋ ಕಡೆ ಹಾಕ್ತೀನಿ' ಅಂದ್ರು."

ವಿಚಾರಿಸಿದೆ. ಯಾರೋ ತರುಣ ಕೌಂಟರಿನ ಮುಂದೆ ಹಾದು ಹೋಗುತ್ತಾ, 'ಹೇ, ವಾಟ್ಸ್ ಅಪ್', ಏನು ಸಮಾಚಾರ, ಅಂದನಂತೆ. ಅವರ ಕಡೆ ಅದಕ್ಕೆ ಉತ್ತರವೇ ಬೇಕಿಲ್ಲ. ನಮ್ಮ ಬೀದಿಯಲ್ಲಿ 'ಊಟ ಆಯ್ತಾ' ಎಂದು ಕೇಳಿದವರು ಉತ್ತರಕ್ಕೆ ಕಾಯದೆ ಹೋಗುತ್ತಾರಲ್ಲ, ಹಾಗೆ. ಆದರೆ ನನ್ನ ಶಿಷ್ಯೆ ಅವನನ್ನು ನಿಲ್ಲಿಸಿ ಉತ್ತರ ಕೊಟ್ಟಿದ್ದಾಳೆ. ಆ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುವುದಾದರೆ ಸುಮಾರು ಹೀಗೆ: 'ಭಗವಂತನ ಕೃಪೆಯಿಂದ ನಾನು ಸರ್ವ ವಿಧದಲ್ಲೂ ಕ್ಷೇಮ. ತಮ್ಮ ದೇಹಾರೋಗ್ಯದ ಬಗೆಗೂ ವಿಚಾರಿಸಲು ಅಪ್ಪಣೆಯಾಗಬೇಕು.' ತರುಣ ಅಂದಿನಿಂದ ಹಿಂಬಾಗಿಲಿನಲ್ಲಿ ಓಡಾಡತೊಡಗಿದನಂತೆ.

"ನಾನು ಮುಂದ್ಗಡೆ ನಿಂತ್ಕಳಕ್ಕೆ ಅಂತ ಇಂಗ್ಲಿಷ್ ಕಲ್ತಿದ್ದು ಸಾರ್. ಒಳಗಡೆ ಮಡಿಚಕ್ಕೆ ಇಂಗ್ಲಿಷ್ ಯಾಕೆ ಬೇಕಿತ್ತು?" ಎಂದಳು ರೂಪಾ. ಅವಳ ಕಣ್ಣಲ್ಲಿ ನೀರಿತ್ತು. ಒಳಗಿಂದ ಬಂದ ಸರೋಜ ನನ್ನ ಕಡೆ ನೋಡಿದ ನೋಟವನ್ನು ನಾನಿಲ್ಲಿ ವರ್ಣಿಸುವುದಿಲ್ಲ.

ಹುಡುಗಿಯ ಕೆಲಸಕ್ಕೆ ಕುತ್ತು ಬಂದದ್ದು ನನ್ನ ಇಂಗ್ಲಿಷಿನಿಂದ. ಉಳಿಸಬೇಕಾದವನೂ ನಾನೇ. ಆಡುಮಾತಿನ ಇಂಗ್ಲಿಷು ತಾನೇ, ಕಲಿತು ಕಲಿಸಿದರಾಯಿತು ಎಂದುಕೊಂಡೆ. ಕಾವ್ಯಮೀಮಾಂಸೆಯನ್ನೇ ಪಾಠ ಮಾಡಿದವನಿಗೆ ಇದೊಂದು ಲೆಕ್ಕವೇ?

ಪಕ್ಕದ ಮನೆಯ ಇಂಚರ ಎಂಜಿನಿಯರಿಂಗ್ ಓದುತ್ತಾಳೆ. ಅವಳ ಮುಂದೆ ಪೆನ್ನು ಹಿಡಿದು ಕೂತೆ. ನನಗೆ ಗೊತ್ತಿದ್ದ ಒಂದೆರಡು ಪದಗಳನ್ನು ಮೊದಲೇ ಹೇಳಿ ಸೈ ಎನ್ನಿಸಿಕೊಳ್ಳೋಣವೆಂದರೆ ಅವಳು ಮೂಗು ಮುರಿದಳು.

"ಅಂಕಲ್, ಅದೆಲ್ಲ ಈಗ ಯಾರೂ ಯೂಸ್ ಮಾಡಲ್ಲ."

"ಯಾವಾಗಿನಿಂದ?"

"ಹೋದ್ ತಿಂಗ್ಳಿಂದ."

ಇನ್ನೂರು ವರ್ಷದ ಹಿಂದೆ ತೀರಿಕೊಂಡ ಕವಿಗಳ ಪದಗಳು ನನ್ನ ಹತ್ತಿರ ಹುಳ ಹಿಡಿಯದೆ ಭದ್ರವಾಗಿದ್ದವು. ಇವು ನೋಡಿದರೆ ಬೆಳಗಿನ ಹಾಲು ಸಂಜೆಗೆ ಒಡೆದ ಹಾಗೆ ಒಡೆಯುತ್ತವೆ. ಹೋಗಲಿ, ಒಡೆಯದೆ ಉಳಿದವನ್ನು ಹೇಳು ಎಂದೆ. ಹೇಳಿದಳು. ಯಾವ ಪದವನ್ನು ಯಾವ ಸಂದರ್ಭದಲ್ಲಿ ಬಳಸಬೇಕೆಂದು ಕೇಳಿದೆ.

"ಅದು ವೈಬ್ ನೋಡ್ಕೊಂಡು ಅಂಕಲ್."

"ವೈಬ್ ಅಂದರೆ?"

"ಅದೇ ಅಂಕಲ್... ವೈಬ್."

ಉಪನಿಷತ್ತಿನ ಗುರುಗಳೂ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಿರಲಾರರು. ಏಳುವಾಗ, ನಾನು 'ಬಿಲ್ಡಪ್' ಜಾಸ್ತಿ ಕೊಡುತ್ತೇನೆಂದೂ, ಪದ ಹೇಳುವಾಗ ಹುಬ್ಬು ಏರಿಸಬಾರದೆಂದೂ, ಏರಿಸಿದರೆ 'ಕ್ರಿಂಜ್', ಅಂದರೆ ನೋಡುವವರಿಗೇ ಮುಜುಗರ, ಆಗುತ್ತದೆಂದೂ ಅವಳು ಎಚ್ಚರಿಸಿದಳು. ಆ ಎರಡು ಪದಗಳನ್ನೂ ಬರೆದುಕೊಂಡೆ.

ಶಿಷ್ಯರಿಗೆ ಹೇಳಿಕೊಡುವ ಮೊದಲು ಸ್ವಂತ ನಾಲಿಗೆಯ ಮೇಲೆ ಪ್ರಯೋಗ ಮಾಡಬೇಕು ಎಂಬುದು ನನ್ನ ನಿಯಮ. ಶುಕ್ರವಾರ ಬೆಟ್ಟಕ್ಕೆ ಹೋಗಿದ್ದೆವು. ಜನವೋ ಜನ. ಅರ್ಚಕರು ಬೆವರು ಒರೆಸಿಕೊಳ್ಳುತ್ತಾ ಬಂದು, "ಮಂಗಳಾರತಿ ಸ್ವಲ್ಪ ತಡವಾಯ್ತು, ತಾವು ಬೇಜಾರು ಮಾಡ್ಕೋಬಾರ್ದು" ಎಂದರು. ನಾನು ಎಡ ಭುಜ ಕುಣಿಸಿ, "ಚಿಲ್" ಎಂದೆ. ಅರ್ಚಕರು ನನ್ನೊಬ್ಬನಿಗೆ ಮಾತ್ರ ಇನ್ನೊಂದು ಸಲ ತೀರ್ಥ ಕೊಟ್ಟು, ಉಳಿದದ್ದನ್ನು ತಲೆಯ ಮೇಲೆ ಪ್ರೋಕ್ಷಿಸಿದರು. ಸರೋಜ ನನ್ನನ್ನು ಹಿಂದೆ ಬಿಟ್ಟು ಸರಸರನೆ ಮೆಟ್ಟಿಲು ಇಳಿದಳು. ನಂದಿಯ ಹತ್ತಿರ ತಿರುಗಿ ನಿಂತು, "ನಮ್ಮ ಮನೆದೇವರ ಮುಂದಾದ್ರೂ ಸರಿಯಾಗಿರಿ" ಎಂದಳು.

ನಾನು ಬಗ್ಗಲಿಲ್ಲ. ತರಗತಿ ಶುರುವಾಯಿತು. ಮೇಷ್ಟ್ರ ಬುದ್ಧಿ ನೋಡಿ, ಆಡುಮಾತಿಗೂ ಪಠ್ಯಕ್ರಮ ಮಾಡಿದೆ. ಹಲಗೆಯ ಮೇಲೆ ಗೆರೆ ಎಳೆದು, ಎಡಗಡೆ ಸಂದರ್ಭ, ನಡುವೆ ಪದ, ಬಲಗಡೆ ಅಂಗಚೇಷ್ಟೆ ಎಂದು ಬರೆದೆ. ಅತಿಥಿ ದೂರು ತಂದರೆ 'ನೋ ವರೀಸ್', ಬಲ ಭುಜ ಮೇಲಕ್ಕೆ. ಅತಿಥಿ ಗೊಣಗಿದರೆ 'ಆಲ್ ಗುಡ್', ಎರಡೂ ಅಂಗೈ ತೆರೆದು. ಅತಿಥಿ ಸಿಟ್ಟಾದರೆ 'ಚಿಲ್', ಮುಗುಳ್ನಗೆ. ನನಗೆ ಬಲ ಭುಜ ಹಿಡಿದುಕೊಂಡು ವರ್ಷವಾಗಿದೆ, ಮೇಲೇಳುವುದಿಲ್ಲ. ಹಾಗಾಗಿ ಎಡಗೈಯಿಂದ ಬಲ ಭುಜವನ್ನು ಎತ್ತಿ ತೋರಿಸುತ್ತಿದ್ದೆ. ರೂಪಾ ನಿಷ್ಠೆಯಿಂದ ಹಾಗೇ ಎತ್ತಿದಳು. ಅದನ್ನು ಬಿಡಿಸಲು ಒಂದು ಸಂಜೆ ಪೂರ್ತಿ ಹಿಡಿಯಿತು.

ಕಲಿಸುವ ಬೇರೆ ಕ್ರಮ ನನಗೆ ಗೊತ್ತಿಲ್ಲ, ಬಾಯಿಪಾಠವೊಂದೇ. ನಾನು ಹೇಳಿಕೊಡುವುದು, ಅವಳು ಹೇಳುವುದು. ಮಗ್ಗಿಯ ಹಾಗೆ ರಾಗವಾಗಿ. ದೀಪ ಹಚ್ಚುವ ಹೊತ್ತಿಗೆ ನಮ್ಮ ಬೀದಿಯಲ್ಲಿ 'ಚಿಲ್ ಚಿಲ್ ನೋ ವರೀಸ್, ನೋ ವರೀಸ್ ಆಲ್ ಗುಡ್' ಎಂಬ ಘೋಷ ಏಳತೊಡಗಿತು. ಎದುರು ಮನೆಯ ಅಜ್ಜಿ ಗೇಟಿನ ತನಕ ಬಂದು, "ಯಾವ ದೇವರ ಸ್ತೋತ್ರ ಇದು, ಚೆನ್ನಾಗಿದೆ ಕಣಮ್ಮ" ಎಂದು ಸರೋಜಳನ್ನು ಕೇಳಿದರಂತೆ. ಸರೋಜ ಏನು ಹೇಳಿದಳೋ ಗೊತ್ತಿಲ್ಲ, ಮಾರನೆಯ ದಿನದಿಂದ ಅಜ್ಜಿ ನನ್ನನ್ನು ಕಂಡರೆ ಮರುಕದಿಂದ ನಗುತ್ತಿದ್ದರು.

ತಿಂಗಳ ಕೊನೆ ಹತ್ತಿರವಾಯಿತು. ಶಿಷ್ಯೆ ಹೇಗೆ ನಿಭಾಯಿಸುತ್ತಾಳೆಂದು ನೋಡದೆ ನನಗೆ ನಿದ್ದೆ ಬರುವಂತಿರಲಿಲ್ಲ. ಕಾಫಿ ಕುಡಿಯುವ ನೆಪದಲ್ಲಿ ಹೋಟೆಲಿಗೆ ಹೊರಟೆ. ನನ್ನೊಬ್ಬನನ್ನೇ ಕಳಿಸುವ ಧೈರ್ಯವಿಲ್ಲದೆ ಸರೋಜಳೂ ರೇಷ್ಮೆ ಸೀರೆಯುಟ್ಟು ಬಂದಳು. ಬಾಗಿಲಲ್ಲಿ ಮೈಸೂರು ಪೇಟ ತೊಟ್ಟವನೊಬ್ಬ ನಮಸ್ಕಾರ ಮಾಡಿದ. ನಾವು ಮೂಲೆಯ ಸೋಫಾದಲ್ಲಿ ಕೂತೆವು. ನಾನು ಪತ್ರಿಕೆಯ ಮರೆಯಲ್ಲಿ, ಅವಳು ರಾಜಾರೋಷವಾಗಿ. ಕೌಂಟರಿನಲ್ಲಿ ರೂಪಾ, ಅವಳ ಹಿಂದಿನ ಗಾಜಿನ ಕೋಣೆಯಲ್ಲಿ ಮ್ಯಾನೇಜರು.

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ದಪದಪ ಸದ್ದಾಯಿತು. ಎತ್ತರದ ವಿದೇಶಿ ಹೆಂಗಸು, ತಲೆಗೆ ಟವಲು, ಕಿವಿಯ ತುಂಬ ಸೋಪಿನ ನೊರೆ. ಸ್ನಾನದ ನಡುವೆ ನಲ್ಲಿ ನಿಂತುಹೋಗಿದೆ.

ರೂಪಾ ಒಂದು ಕ್ಷಣ ಕಣ್ಣು ಮುಚ್ಚಿದಳು. ನಾನೂ ಮುಚ್ಚಿದೆ. ಸಂದರ್ಭ: ದೂರು.

"ನೋ ವರೀಸ್" ಎಂದಳು, ಬಲ ಭುಜ ಮೇಲಕ್ಕೆ.

ಹೆಂಗಸು ಗೊಣಗಿದಳು. "ಆಲ್ ಗುಡ್," ಎರಡೂ ಅಂಗೈ ತೆರೆದು. ಹೆಂಗಸು ಸಿಟ್ಟಾದಳು. "ಚಿಲ್," ಮುಗುಳ್ನಗೆ. ಹಲಗೆಯ ಮೇಲಿದ್ದದ್ದು ಇದ್ದ ಹಾಗೆ, ಗೆರೆ ಕೂಡ ತಪ್ಪಲಿಲ್ಲ. ಕಣ್ಣಿಗೆ ಸೋಪು ಹೋದವರ ಮುಂದೆ ಭುಜ ಕುಣಿಸಬಾರದು ಎಂಬ ಇಷ್ಟು ಸಣ್ಣ ವಿಷಯ ನನ್ನ ಪಠ್ಯಕ್ರಮದಲ್ಲಿರಲಿಲ್ಲ. ಹೆಂಗಸು ಕೌಂಟರು ಗುದ್ದಿದಳು, ನೊರೆ ಹಾರಿ ಕಂಪ್ಯೂಟರಿನ ಮೇಲೆ ಬಿತ್ತು. ಗಾಜಿನ ಕೋಣೆಯಲ್ಲಿ ಮ್ಯಾನೇಜರು ಎದ್ದು ನಿಂತರು. ನಾನು ಪತ್ರಿಕೆಯನ್ನು ಇನ್ನೂ ಮೇಲಕ್ಕೆತ್ತಿದೆ. ಹುಡುಗಿಯ ಅನ್ನವನ್ನು ನನ್ನ ಕೈಯಾರೆ ಕಿತ್ತುಕೊಂಡಂತಾಯಿತು.

ಮಗ್ಗಿ ಮುಗಿದಿತ್ತು, ರೂಪಾಳ ಬತ್ತಳಿಕೆ ಖಾಲಿ. ಆಗ ಅವಳು ಒಂದು ವಿಚಿತ್ರ ಕೆಲಸ ಮಾಡಿದಳು. ಎರಡು ಸಲ ಗಂಟಲು ಸರಿಮಾಡಿಕೊಂಡಳು. ಕೋಟಿನ ಗುಂಡಿಯೊಂದನ್ನು ಹಿಡಿದು ತಿರುವಿದಳು. ಹೆಂಗಸನ್ನು ಬಿಟ್ಟು ಮೇಲಿನ ಸೂರನ್ನು ನೋಡುತ್ತಾ, ದೊಡ್ಡ ಸಭೆಯನ್ನು ಉದ್ದೇಶಿಸುವವಳಂತೆ ಶುರುಮಾಡಿದಳು. ಆ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ: 'ಮಾನ್ಯರೇ, ತಮ್ಮ ಸ್ನಾನಕ್ಕೆ ಒದಗಿದ ಈ ವಿಘ್ನಕ್ಕಾಗಿ ಈ ಸಂಸ್ಥೆಯು ಅಂತಃಕರಣಪೂರ್ವಕವಾಗಿ ಪರಿತಪಿಸುತ್ತದೆ. ಜಲವು ಪುನಃ ಪ್ರವಹಿಸತೊಡಗುವ ಪರ್ಯಂತ ತಾವು ಆಸೀನರಾಗುವ ಕೃಪೆಯನ್ನು ನಮ್ಮ ಮೇಲೆ ತೋರಬೇಕೆಂದು ಪ್ರಾರ್ಥನೆ.'

ಸರೋಜ ನನ್ನ ಕಡೆ ಬಾಗಿ, "ಎಲ್ಲೋ ನೋಡ್ದಂಗಿದೆಯಲ್ರೀ ಇದನ್ನ" ಎಂದು ಪಿಸುಗುಟ್ಟಿದಳು. ನನಗೇನೂ ಹೊಳೆಯಲಿಲ್ಲ. ಹೆಂಗಸು ಜೋರಾಗಿ ನಕ್ಕುಬಿಟ್ಟಳು. ಅದು ಎಂಥ ನಗು ಎಂದು ತಿಳಿಯುವ ಮೊದಲೇ ಮ್ಯಾನೇಜರು ರೂಪಾಳನ್ನು ಗಾಜಿನ ಕೋಣೆಗೆ ಕರೆದರು. ಹೋಗುವಾಗ ಅವಳು ನಮ್ಮನ್ನು ನೋಡಿ, ಕಾಯಬೇಡಿ ಎಂಬಂತೆ ತಲೆಯಾಡಿಸಿದಳು. ಅರ್ಧ ಕಾಫಿ ಬಿಟ್ಟು ಎದ್ದು ಬಂದೆವು.

ಆಮೇಲಿನ ದಿನಗಳು ಬಹಳ ಕೆಟ್ಟದಾಗಿದ್ದವು. ರೂಪಾ ಬರಲಿಲ್ಲ, ಫೋನೂ ಇಲ್ಲ. ಮಾಡಲು ನನಗೂ ಮುಖವಿರಲಿಲ್ಲ. ಹಲಗೆ ಒರೆಸಲು ಕೂತವನು, ಆ ಮಾತುಗಳು ಹೋಗುವುದಿಲ್ಲವೆಂದು ಕಂಡುಕೊಂಡದ್ದು ಆಗಲೇ. ಅವಳು ಎಲ್ಲೋ ಒಳಗೆ ಬೆಡ್‌ಶೀಟಿನ ರಾಶಿಯ ನಡುವೆ ನಿಂತಿರುವ ಹಾಗೆ ಕಣ್ಣಿಗೆ ಕಟ್ಟುತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ ಸರೋಜಳ ಫೋನಿಗೆ ಕರೆ ಬಂತು.

"ಅಮ್ಮ, ಸಾರ್‌ನ ಕರ್ಕೊಂಡು ಈಗ್ಲೇ ಬಂದ್ಬುಡಿ," ರೂಪಾಳ ದನಿ.

ಹೋದೆವು. ಅವಳು ಮುಂದೆಯೇ ನಿಂತಿದ್ದಳು. ಬರೀ ನಿಂತಿರಲಿಲ್ಲ, ಕೌಂಟರಿನ ಸುತ್ತ ಐದಾರು ಮಂದಿ ವಿದೇಶಿಯರು ನೆರೆದಿದ್ದರು. ಯಾರೋ ಕೋಣೆಯ ಬೀಗದ ಕೈ ಕೇಳಿದರು. ರೂಪಾ ಎರಡು ಸಲ ಗಂಟಲು ಸರಿಮಾಡಿಕೊಂಡು, ಗುಂಡಿ ತಿರುವಿ, ಸೂರು ನೋಡಿ, ಒಂದು ಬೀಗದ ಕೈಗೆ ಪಟ್ಟಾಭಿಷೇಕದಷ್ಟು ಉದ್ದದ ವಾಕ್ಯ ಹೇಳಿ ಕೈಗಿತ್ತಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸರೋಜ ಸೆರಗು ಬಾಯಿಗಿಟ್ಟುಕೊಂಡಳು. "ಅಯ್ಯೋ, ನೀವೇ ಕಣ್ರೀ! ನೀವೇ ನಿಂತಂಗಿದೆ!"

ನಾನು ಎಲ್ಲಿ ಗಂಟಲು ಸರಿಮಾಡಿಕೊಳ್ಳುತ್ತೇನೆ? ಯಾವಾಗ ಸೂರು ನೋಡುತ್ತೇನೆ? ಕೇಳೋಣವೆಂದು ಹೊರಟವನು ಸರಿಯಾಗಿ ನೋಡಿಕೊಂಡರೆ, ನನ್ನ ಕೈ ನನ್ನದೇ ಅಂಗಿಯ ಗುಂಡಿಯ ಮೇಲಿತ್ತು. ವರ್ಷಗಟ್ಟಲೆ ತರಗತಿಯಲ್ಲಿ ಹುಡುಗರು ಯಾಕೆ ನಗುತ್ತಿದ್ದರೆಂದು ನನಗೆ ಒಮ್ಮೆಗೇ ತಿಳಿಯಿತು. ನನ್ನ ಹಾಸ್ಯಪ್ರಜ್ಞೆಗೆ ಎಂದುಕೊಂಡಿದ್ದೆ.

ಮ್ಯಾನೇಜರು ಓಡಿ ಬಂದು ಕೈ ಹಿಡಿದುಕೊಂಡರು. "ಸಾರ್, ಬಾಗ್ಲಲ್ಲಿ ನಿಂತೋನಿಗೆ ಪೇಟ ಹಾಕ್ಸಿದೀವಿ, ಗೋಡೆಗೆ ಹಳೇ ಗಡಿಯಾರ ಹಾಕಿದೀವಿ. ಕೌಂಟರ್‌ಗೇ ಏನೂ ಇರ್ಲಿಲ್ಲ ನೋಡಿ. ಆವತ್ತು ಸೋಪಿನ ಮೇಡಂ ಎಲ್ಲರಿಗೂ ಹೇಳ್ಬುಟ್ರು, ಈಗ ಈಯಮ್ಮನ ಮಾತು ಕೇಳಕ್ಕೇ ಬರ್ತಾರೆ. ನಿಮ್ಮ ಇಂಗ್ಲಿಷ್ ಇದ್ಯಲ್ಲ, ಫುಲ್ ಹೆರಿಟೇಜು ಸಾರ್!"

ಪೇಟ, ಗಡಿಯಾರ, ನಾನು. ಒಳ್ಳೆಯ ಸಾಲು.

ರೂಪಾ ಕೌಂಟರು ಬಳಸಿಕೊಂಡು ಬಂದು ನಮ್ಮಿಬ್ಬರ ಕಾಲು ಮುಟ್ಟಿದಳು. "ಕಾಯಂ ಮಾಡ್ಬುಟ್ರು ಸಾರ್, ಮುಂದ್ಗಡೇಲೇ. ಕಾಗದ ಕೈಗೆ ಬರೋಗಂಟ ಯಾರ್ಗೂ ಹೇಳ್ಬಾರ್ದು ಅಂತ ಸುಮ್ನಿದ್ದೆ." ಆಮೇಲೆ ದನಿ ಇಳಿಸಿ, "ಏನೂ ತೋಚ್ದೇ ಇದ್ದಾಗ ನಿಮ್ಮನ್ನ ನೆನೆಸ್ಕೊಂಡು ನಿಮ್ಮಂಗೇ ಮಾಡ್ಬುಟ್ಟೆ. ಬೇಜಾರಾಯ್ತಾ ಸಾರ್?" ಎಂದಳು.

"ಇಲ್ಲ ಕಣಮ್ಮ" ಎಂದೆ. ನಿಜವಾಗಿ ಆಗಿರಲಿಲ್ಲ. ಇಷ್ಟು ಸಂತೋಷ ನನಗೆ ನನ್ನ ಕೆಲಸ ಕಾಯಂ ಆದಾಗಲೂ ಆಗಿರಲಿಲ್ಲ.

ಅಷ್ಟರಲ್ಲಿ ಸೋಪಿನ ಹೆಂಗಸು, ಈ ಸಲ ಒಣಗಿದ ತಲೆಯಲ್ಲಿ, ನಮ್ಮ ಕಡೆ ಬಂದಳು. ಈ ಮಾತುಗಾರಿಕೆ ಕಲಿಸಿದವರು ಇವರೇ ಎಂದು ರೂಪಾ ಹೆಮ್ಮೆಯಿಂದ ತೋರಿಸಿದಳು. ಹೆಂಗಸಿನ ಕಣ್ಣು ಅರಳಿತು. ಎಲ್ಲರನ್ನೂ ಕೂಗಿ ಕರೆದು ನನ್ನ ಸುತ್ತ ನಿಲ್ಲಿಸಿ, ಒಂದೇ ಒಂದು ವಾಕ್ಯ ಹೇಳಬೇಕೆಂದು ಬೇಡಿಕೊಂಡಳು. ಯಾರೋ ಮೊಬೈಲು ಎತ್ತಿ ಹಿಡಿದರು. ನಾನು ನೆಟ್ಟಗೆ ನಿಂತೆ. ಗಂಟಲು ಸರಿಮಾಡಿಕೊಳ್ಳಬೇಕೆಂದರೆ ಈಗ ಅದು ನೆನಪಾಗಿ ನಾಚಿಕೆ. ಸೂರು ನೋಡಬೇಕೆಂದರೆ ಸರೋಜ ನಗುತ್ತಿದ್ದಾಳೆ. ಕೈಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಕೊನೆಗೆ ನನ್ನ ಬಾಯಿಂದ ಬಂದದ್ದು, "ವೆಲ್‌ಕಮ್ ಟು ಮೈಸೂರು."

ಹೆಂಗಸು ಸ್ವಲ್ಪ ಹೊತ್ತು ಕಾದಳು. ಅಷ್ಟೇ ಎಂದು ಗೊತ್ತಾದ ಮೇಲೆ ಬಹಳ ಚೆನ್ನಾಗಿತ್ತೆಂದು ನನ್ನ ಬೆನ್ನು ತಟ್ಟಿ, ರೂಪಾಳ ಕಡೆ ತಿರುಗಿ, ನೀನೇ ಮಾಡಮ್ಮ, ನೀನು ಮಾಡುವುದೇ ಹೆಚ್ಚು ಅಸಲಿ ಎಂದಳು.

ಶಿಷ್ಯರ ಕೈಯಲ್ಲಿ ಸೋಲುವುದು ಗುರುವಿಗೆ ಭೂಷಣವೆಂದು ಹಿರಿಯರು ಹೇಳಿದ್ದಾರೆ. ಅದಕ್ಕೆ ನಾನು ಎಂದೋ ಸಿದ್ಧನಿದ್ದೆ. ನನ್ನದೇ ಪಾತ್ರದಲ್ಲಿ ಸೋಲುತ್ತೇನೆಂದು ಮಾತ್ರ ಎಣಿಸಿರಲಿಲ್ಲ. ರೂಪಾ ಕೌಂಟರಿನ ಹಿಂದೆ ಹೋಗಿ ನಿಂತು ಗಂಟಲು ಸರಿಮಾಡಿಕೊಂಡಳು. ಎಲ್ಲರ ಜೊತೆ ನಾನೂ ಸ್ವಲ್ಪ ಮುಂದಕ್ಕೆ ಸರಿದು, ಅವಳು ನನ್ನ ಹಾಗೆ ಮಾತಾಡುವುದನ್ನು ಕೇಳಲು ನಿಂತೆ.